ಚೌಡಿಕೆಯ ನಾದವೂ ಯಂತ್ರದ ತಾಳವೂ: ಒಂದು ವಿಮರ್ಶೆ

ದೈವವನ್ನು ಮೈಮೇಲೆ ತಂದುಕೊಳ್ಳುವ ಹಾಡುಗಾರರೂ ವಿದ್ಯುನ್ಮಾನ ಯಂತ್ರಗಳಿಂದ ಸಂಗೀತವನ್ನು ಕಟ್ಟುವ ನಿರ್ಮಾಪಕರೂ ಒಂದುಗೂಡುವ ಪದ್ಧತಿ ಈಗ ಲೋಕದ ಹಲವೆಡೆ ಬೆಳೆದಿದೆ. ಮೆಚ್ಚುವವರು ಇದನ್ನು ಹಳೆಯದರ ಹಾಗೂ ಹೊಸದರ ಸಂಗಮವೆಂದು ಕೊಂಡಾಡುತ್ತಾರೆ. ಒಲ್ಲದವರು ಅಪಚಾರವೆಂದು ತಳ್ಳಿಹಾಕುತ್ತಾರೆ. ಇವೆರಡೂ ವಿಮರ್ಶೆಯೆನಿಸಲಾರವು. ಚರಿತ್ರೆಯನ್ನು ಓದುವವನಿಗೆ ಬೇರೊಂದು ಅಳತೆಗೋಲು ಉಂಟು. ಅದನ್ನು ಇಲ್ಲಿ ಪ್ರಯೋಗಿಸಿ ನೋಡಲಾಗಿದೆ.

ದತ್ತಿಶಾಸನವೊಂದನ್ನು ಓದುವಾಗ ನಾವು ಕೊಟ್ಟವರಾರು, ಪಡೆದವರಾರು, ಕೊಟ್ಟದ್ದರ ಎಲ್ಲೆಯಾವುದು, ಸಾಕ್ಷಿಗಳಾರು ಎಂದು ಕೇಳುತ್ತೇವೆ. ಕೊನೆಗೆ ಧರ್ಮಕ್ಕೆ ತಪ್ಪಿದವರನ್ನು ಕುರಿತ ಶಾಪಾಶಯವೂ ಇರುತ್ತದೆ. ಧ್ವನಿಮುದ್ರಿಕೆಯೂ ಒಂದು ಬಗೆಯ ದತ್ತಿಯೇ. ಹಾಡಿದವರು ತಮ್ಮ ದನಿಯನ್ನು ಕೊಡುತ್ತಾರೆ, ನಿರ್ಮಾಪಕನು ಪಡೆಯುತ್ತಾನೆ. ಆದುದರಿಂದ ಅದನ್ನೂ ಇದೇ ಪ್ರಶ್ನೆಗಳಿಂದ ಪರೀಕ್ಷಿಸುವುದು ನ್ಯಾಯ.

ಆನೆಗೊಂದಿಯ ಪರಿಸರದಲ್ಲಿ ಈ ವಿಷಯ ದೂರದ್ದಲ್ಲ. ಸಮೀಪದ ವಿರೂಪಾಪುರಗಡ್ಡೆಯ ವಸತಿಗೃಹಗಳು ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ತರುವಾಯ ತೆರವಾದವು. ಅದಕ್ಕೆ ಮುನ್ನ ಗೋವೆಯ ಹಾದಿಯಿಂದ ಬಂದ ವಿದೇಶೀಯರು ಅಲ್ಲಿ ತಂಗುತ್ತಿದ್ದರು. ಗೋವೆಯ 'ಟ್ರಾನ್ಸ್' ಸಂಗೀತಕ್ಕೆ ಪರವಶತೆಯೆಂಬುದೇ ಹೆಸರು. ಅದರ ಪ್ರವರ್ತಕರಲ್ಲೊಬ್ಬರಾದ ಗೋವಾ ಗಿಲ್ (೧೯೫೧–೨೦೨೩) ತಮ್ಮ ರಾತ್ರಿಗೂಟಗಳನ್ನು ಪ್ರಾಚೀನ ಬುಡಕಟ್ಟು ಆಚರಣೆಯ ಹೊಸ ರೂಪವೆಂದು ಹೇಳಿಕೊಳ್ಳುತ್ತಿದ್ದರು. ಅದೇ ತುಂಗಭದ್ರೆಯ ಮೇಲುದಡದಲ್ಲಿ, ಹುಲಿಗಿಯಲ್ಲಿ, ಹುಣ್ಣಿಮೆಗಳಂದು ಜೋಗತಿಯರು ಚೌಡಿಕೆ ಮೀಟಿ ಅಮ್ಮನನ್ನು ಹಾಡುತ್ತಾರೆ. ಪರವಶತೆಯನ್ನು ಕುರಿತು ಮಾತನಾಡುವವರೂ ಅದನ್ನು ಪರಂಪರೆಯಿಂದ ಹೊತ್ತವರೂ ಒಂದೇ ಹೊಳೆಯ ನೀರು ಕುಡಿದರು. ಆದರೆ ಕೀರ್ತಿ ಸಮನಾಗಿ ಹಂಚಿಕೆಯಾಗಲಿಲ್ಲ.

ಚೌಡಿಕೆಯ ಸ್ವರೂಪವನ್ನು ಗಮನಿಸಿದರೆ ಕೂಟದ ತೊಡಕು ತಿಳಿಯುತ್ತದೆ. ಮರದ ಕೊಳವೆ, ಒಂದು ಬಾಯಿಗೆ ಚರ್ಮ, ಚರ್ಮದಿಂದ ಹೊರಟ ಒಂದು ತಂತಿ—ಇಷ್ಟೇ ಅದರ ಅಂಗಗಳು. ತಂತಿಯ ಬಿಗುವನ್ನು ಏರಿಸಿ ಇಳಿಸಿ ಮೀಟುವುದರಿಂದ ನಾದವೂ ಲಯವೂ ಒಂದೇ ಕೈಯಲ್ಲಿ ಹುಟ್ಟುತ್ತವೆ. ಆವೇಶ ಸಮೀಪಿಸಿದಂತೆ ಕೈ ಚುರುಕಾಗುತ್ತದೆ. ಅಂದರೆ ತಾಳವು ದೇಹವನ್ನು ಅನುಸರಿಸುತ್ತದೆ. ಯಂತ್ರದ ತಾಳವಾದರೋ ಮೊದಲೇ ಗೊತ್ತುಮಾಡಿದ ವೇಗದ್ದು. ಅಲ್ಲಿ ದೇಹವೇ ತಾಳವನ್ನು ಅನುಸರಿಸಬೇಕು. ಯಲ್ಲಮ್ಮನ ಪದಗಳ 'ಡಿಜೆ' ರೂಪಾಂತರಗಳಲ್ಲಿ ಆಗುವುದು ಇದೇ. ಅವುಗಳಲ್ಲಿ ತಯಾರಿಸಿದವನ ಹೆಸರು ಹಾಡಿನ ನಡುನಡುವೆ ಮೊಳಗುವುದುಂಟು. ಹಾಡಿದವಳ ಹೆಸರು ಕೇಳಿಬರುವುದು ವಿರಳ. ದಾನಿಯ ಹೆಸರಿಲ್ಲದ ಶಾಸನವಿದು.

ಕರಾವಳಿಯ ನಿದರ್ಶನವೂ ವಿಚಾರಾರ್ಹ. ೨೦೨೨ರ 'ಕಾಂತಾರ' ಚಲನಚಿತ್ರದ 'ವರಾಹ ರೂಪಂ' ಗೀತವು, ಅಜನೀಶ್ ಲೋಕನಾಥರ ಸಂಯೋಜನೆಯಲ್ಲಿ, ನಾಗಸ್ವರವನ್ನು ವಿದ್ಯುತ್ ಗಿಟಾರಿನೊಡನೆ ಬೆರೆಸಿ ದೈವಾವೇಶದ ಭಾವವನ್ನು ಲಕ್ಷಾಂತರ ಜನಕ್ಕೆ ಮುಟ್ಟಿಸಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಭೂತಕೋಲದ ನಿಜವಾದ ವಾಙ್ಮಯ ತುಳುವಿನ ಪಾಡ್ದನ. ನಲಿಕೆ, ಪರವ, ಪಂಬದ ಸಮುದಾಯಗಳವರು ಅದರ ವಾರಸುದಾರರು. ಗೀತದ ಭಾಷೆಯಾದರೋ ಸಂಸ್ಕೃತಭೂಯಿಷ್ಠವಾದುದು. ಮುಂದೆ ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡದವರು ಇದು ತಮ್ಮ 'ನವರಸಂ' ಗೀತದ ಅನುಕರಣವೆಂದು ನ್ಯಾಯಾಲಯಕ್ಕೆ ಹೋದರು, ಚಿತ್ರದವರು ನಿರಾಕರಿಸಿದರು. ಆ ವ್ಯಾಜ್ಯದ ನ್ಯಾಯಾನ್ಯಾಯ ನಮ್ಮ ವಿಷಯವಲ್ಲ. ಸ್ವತ್ತಿನ ಜಗಳವೆಲ್ಲ ಹೊಸ ಸಂಗೀತಗಾರರ ನಡುವೆಯೇ ನಡೆದು, ದೈವದ ಭಾರ ಹೊತ್ತವರು ವಾದಿಯೂ ಅಲ್ಲದೆ ಪ್ರತಿವಾದಿಯೂ ಅಲ್ಲದೆ ಉಳಿದರೆಂಬುದು ಗಮನಾರ್ಹ. ಅದೇ ವರ್ಷ ಅರುವತ್ತು ಮೀರಿದ ದೈವನರ್ತಕರಿಗೆ ತಿಂಗಳಿಗೆ ೨೦೦೦ ರೂಪಾಯಿಗಳ ಮಾಸಾಶನವನ್ನು ರಾಜ್ಯ ಸರ್ಕಾರ ಘೋಷಿಸಿತು. ಅದು ಅನುಗ್ರಹವೇ ಹೊರತು ಹಕ್ಕಿನ ಮನ್ನಣೆಯಲ್ಲ.

ಹೊರನಾಡುಗಳಲ್ಲಿ ಈ ಪಾಠ ಮೊದಲೇ ದೊರೆತಿದೆ. ಜರ್ಮನಿಯ 'ಎನಿಗ್ಮಾ' ತಂಡವು ತೈವಾನಿನ ಅಮಿಸ್ ಜನಾಂಗದ ವೃದ್ಧ ಗಾಯಕ ದಿಫಾಂಗರ ದನಿಯನ್ನು ೧೯೯೦ರ ದಶಕದ ಆರಂಭದಲ್ಲಿ ತನ್ನ ಹಾಡಿನಲ್ಲಿ ಬಳಸಿತು, ಆ ಹಾಡು ಜಗತ್ಪ್ರಸಿದ್ಧವಾಯಿತು. ಗಾಯಕರು ದಾವೆ ಹೂಡಿದ ಮೇಲೆ ೧೯೯೯ರಲ್ಲಿ ರಾಜಿಯಾಯಿತು. ಇದಕ್ಕೆ ಪ್ರತಿಯಾಗಿ, ಬ್ರೆಜಿಲಿನ ಅಲೋಕ್ ಎಂಬ ನಿರ್ಮಾಪಕರು ೨೦೨೪ರಲ್ಲಿ ಹೊರತಂದ ಸಂಕಲನದಲ್ಲಿ ಆದಿವಾಸಿ ಗಾಯಕರು ಸಹಕರ್ತೃಗಳೆಂದೇ ಹೆಸರಿಸಲ್ಪಟ್ಟಿದ್ದಾರೆ. ಅಲ್ಲಿಯೂ ತಾಳ ಯಂತ್ರದ್ದೇ. ಆದರೂ ಕೊಟ್ಟವರಾರೆಂಬುದು ಕಾಣುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು: ಜೋಗತಿಯರ ಕಲೆ ಬದಲಾಗದೆ ಉಳಿಯಬೇಕೆ? ಹಾಗೆ ಹೇಳುವುದು ಸಲ್ಲದು. ದೇವದಾಸಿ ಸಮರ್ಪಣೆಯನ್ನು ೧೯೮೨ರ ಶಾಸನ ನಿಷೇಧಿಸಿದ್ದು ಸರಿಯಾದುದೇ. ಹಾಡು ಉಳಿಯಲೆಂದು ಆ ಕ್ರೌರ್ಯ ಉಳಿಯಬೇಕಾಗಿಲ್ಲ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು ಜೋಗತಿ ನೃತ್ಯವನ್ನು ರಂಗಕ್ಕೆ ತಂದು, ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, ೨೦೨೧ರಲ್ಲಿ ಪದ್ಮಶ್ರೀ ಪಡೆದರು. ಬದಲಾವಣೆಯನ್ನು ಅವರು ತಾವೇ ಮಾಡಿದರು, ತಮ್ಮ ಹೆಸರಿನಲ್ಲಿಯೇ ಮಾಡಿದರು. ಕಾನೂನೂ ಇದಕ್ಕೆ ಎಡೆಗೊಟ್ಟಿದೆ: ೧೯೫೭ರ ಕೃತಿಸ್ವಾಮ್ಯದ ಅಧಿನಿಯಮಕ್ಕೆ ೧೯೯೪ರಲ್ಲಿ ತಂದ ತಿದ್ದುಪಡಿಯಿಂದ ಹಾಡಿದವರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ದೊರೆತಿದೆ. ಹಾಡು ಪರಂಪರೆಯದಾದರೂ ಹಾಡಿದ ದನಿ ಅನಾಥವಲ್ಲ.

ನಿರ್ಮಾಪಕರನ್ನು ದೂರಿ ಮುಗಿಸುವುದು ಸುಲಭ. ಆದರೆ ಈ ಲೇಖಕನು ವಿದ್ಯಾರ್ಥಿದೆಸೆಯಲ್ಲಿ ಹುಲಿಗಿಯಲ್ಲಿ ಬರೆದುಕೊಂಡ ಪದಗಳ ಕೆಳಗೆ 'ಹಾಡಿದವರು: ಒಬ್ಬ ಜೋಗತಿ' ಎಂದಷ್ಟೇ ಇದೆ. ತೇದಿಯುಂಟು, ಸ್ಥಳವುಂಟು, ಸಂಗ್ರಾಹಕನ ಹೆಸರೂ ಉಂಟು, ದಾನಿಯ ಹೆಸರಿಲ್ಲ. ಡಿಜೆಯವನ ಮೇಲೆ ಹೊರಿಸಿದ ದೋಷ ಸಂಶೋಧಕನನ್ನೂ ಬಿಡುವುದಿಲ್ಲ. ಬರುವ ಹುಣ್ಣಿಮೆಗೆ ಆ ಪುಸ್ತಕವನ್ನು ಹಿಡಿದು ಹುಲಿಗಿಗೆ ಹೋಗಿ ಆ ಹೆಸರನ್ನು ಕೇಳಿ ಬರೆಯಬೇಕಾಗಿದೆ.