ತಪ್ಪನ್ನೂ ಕಾದಿಟ್ಟ ಅಕ್ಕೋರು

ಇಂಗ್ಲಿಷ್ ಕವಿ ಚಾಸರ್ 1400ರಲ್ಲಿ ತೀರಿಕೊಂಡ. ಅವನ ‘ಕ್ಯಾಂಟರ್ಬರಿ ಕಥೆಗಳು’ ಅವನ ಕೈಬರಹದಾಗ ಉಳಿದಿಲ್ಲ. ಮಂದಿ ನಕಲು ಮಾಡಿದ ಪ್ರತಿಗಳು, ತುಂಡುಗಳೂ ಸೇರಿ, 80ಕ್ಕೂ ಹೆಚ್ಚು ಅದಾವ. ಶಿಕಾಗೋದ ಎಡಿತ್ ರಿಕರ್ಟ್ ಅಕ್ಕೋರು, ಜಾನ್ ಮ್ಯಾನ್ಲಿಯವರ ಜೋಡಿ, 1924ರಿಂದ ಅವನ್ನು ಸಾಲಿಗೆ ಸಾಲು ಹೋಲಿಸಿ ನೋಡಿದರು. ಎಂಟು ಸಂಪುಟ ಅಚ್ಚಾದದ್ದು 1940ರಲ್ಲಿ. ಅಕ್ಕೋರು 1938ರಲ್ಲೇ ಹೋಗಿದ್ದರು.

ನಕಲು ಮಾಡಿದವರು ಬದಲಿಸಿದ್ದನ್ನು ತಪ್ಪೆಂದು ತೆಗೆದು ಮೂಲ ಹುಡುಕಿದ್ದು ನನಗ ಪೂರಾ ಒಪ್ಪಿಗಿಲ್ಲ. ನಾ ಹಂತಿ ಪದ ಹಾಡಾಂವ. ಗುರುವಿನ ನುಡಿ ನನ್ನ ಬಾಯಾಗ ಬದಲಾಗೇದ, ಅದೇನು ತಪ್ಪ? ಆದರೂ ಅವರು ತೆಗೆದದ್ದನ್ನು ಬಿಸಾಕಲಿಲ್ಲ. ಎಂಟರಾಗ ನಾಕು ಸಂಪುಟ ಬರೇ ಪಾಠಭೇದ. ನನ್ನ ಗುರು ಹೆಂಗ ಹಾಡತಿದ್ದರು ಅಂತ ಮೊಮ್ಮಗ ಕೇಳಿದರ, ತೋರಸಾಕ ನನ್ನ ಕಡೆ ಒಂದು ವಹಿನೂ ಇಲ್ಲ.