‘ಲೈನ್’ ಶಬ್ದದ ಅರ್ಥವಿಸ್ತಾರ: ಥಾಣೆ-ಕಲ್ಯಾಣ ಪರಿಸರದ ಕನ್ನಡವನ್ನು ಕುರಿತು

ಇಂಗ್ಲಿಷಿನಿಂದ ಬಂದ ಶಬ್ದಗಳನ್ನು ಕುರಿತ ನಮ್ಮ ಚರ್ಚೆ ಸಾಮಾನ್ಯವಾಗಿ ಎರಡು ಪ್ರಶ್ನೆಗಳಲ್ಲಿಯೇ ಮುಗಿಯುತ್ತದೆ: ಆ ಶಬ್ದ ಬೇಕೆ? ಅದಕ್ಕೆ ಕನ್ನಡದಲ್ಲಿ ಸಮಾನಪದ ಉಂಟೆ? ಬಂದ ಶಬ್ದವು ಇಲ್ಲಿ ಯಾವ ಅರ್ಥಗಳನ್ನು ಪಡೆಯಿತೆಂಬುದು ವಿಚಾರಕ್ಕೆ ಬರುವುದು ವಿರಳ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡಿಗರು ನಿತ್ಯವೂ ಬಳಸುವ ‘ಲೈನ್’ ಶಬ್ದವನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು.

ಲ್ಯಾಟಿನ್ನಿನಲ್ಲಿ ಅಗಸೆನಾರಿನ ದಾರಕ್ಕೆ ಸಂಬಂಧಿಸಿದ ಈ ಶಬ್ದ ಇಂಗ್ಲಿಷಿನಲ್ಲಿ ಗೆರೆ, ಸಾಲು, ವಂಶ, ಕಸುಬು ಮೊದಲಾದ ಅರ್ಥಗಳಿಗೆ ಹರಡಿತು. ನಿಘಂಟುಗಳು ಕೊಡುವ ರೇಖೆ, ಪಂಕ್ತಿ, ಸಾಲು ಎಂಬ ಅರ್ಥಗಳು ತಪ್ಪಲ್ಲ. ಆದರೆ ಅವು ಇಂಗ್ಲಿಷ್ ಶಬ್ದದ ಅರ್ಥಗಳೇ ಹೊರತು ಇಲ್ಲಿಯ ಕನ್ನಡ ಶಬ್ದದ ಅರ್ಥಗಳಲ್ಲ.

1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಥಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. 1854ರಲ್ಲಿ ಹಳಿ ಕಲ್ಯಾಣವನ್ನು ಮುಟ್ಟಿತು. 1992ರಲ್ಲಿ ವಾಶಿಗೆ ಹಾರ್ಬರ್ ಲೈನ್ ಬಂದಿತು. 2004ರಲ್ಲಿ ಥಾಣೆಯೂ ನವಿಮುಂಬಯಿಯೂ ಟ್ರಾನ್ಸ್ ಹಾರ್ಬರ್ ಲೈನಿನಿಂದ ಕೂಡಿದವು. ಈ ಪರಿಸರದಲ್ಲಿ ‘ನೀವು ಯಾವ ಲೈನಿನವರು?’ ಎಂಬ ಪ್ರಶ್ನೆ ಹಳಿಯನ್ನು ಕುರಿತದ್ದಲ್ಲ, ವಾಸಸ್ಥಳವನ್ನು ಕುರಿತದ್ದು. ಊರಿನಲ್ಲಿ ಸೀಮೆ, ಮಾಗಣೆಗಳು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ‘ಲೈನ್’ ಮಾಡುತ್ತದೆ.

ಎರಡನೆಯ ಅರ್ಥ ಇನ್ನೂ ಗಮನಾರ್ಹ. ಕರಾವಳಿಯಿಂದ ಬಂದವರ ಮಾತಿನಲ್ಲಿ ‘ಹೋಟೆಲ್ ಲೈನ್’ ಎಂಬುದುಂಟು. ಇದನ್ನು ‘ಹೋಟೆಲ್ ಉದ್ಯಮ’ ಎಂದರೆ ಬಂಡವಾಳ ಹೂಡಿದವನು ಮಾತ್ರ ಒಳಗಾಗುತ್ತಾನೆ. ‘ವೃತ್ತಿ’ ಎಂದರೆ ಶಬ್ದ ಸಪ್ಪೆಯಾಗುತ್ತದೆ. ಲೋಟ ತೊಳೆಯುವ ಹುಡುಗ, ಸಪ್ಲೈಯರ್, ಗಲ್ಲೆಯಲ್ಲಿ ಕುಳಿತವನು, ಮಾಲಿಕ ಎಲ್ಲರೂ ಒಂದೇ ಲೈನಿನವರು. ಒಬ್ಬನ ಹಿಂದೆ ಊರಿನ ಇನ್ನೊಬ್ಬನು ಬರುವ ವಲಸೆಯ ಕ್ರಮವೂ ಆ ಶಬ್ದದಲ್ಲಿ ಅಡಗಿದೆ.

ಮರಾಠಿ, ಹಿಂದಿಗಳಲ್ಲಿಯೂ ಈ ಬಳಕೆಗಳಿವೆಯಲ್ಲವೆ ಎಂಬ ಆಕ್ಷೇಪಣೆ ಬರಬಹುದು. ಅದು ನಿಜ, ಅದರಿಂದ ನಮ್ಮ ವಾದ ಬಲಗೊಳ್ಳುತ್ತದೆ. ಶಬ್ದ ಇಂಗ್ಲಿಷಿನದಾದರೂ ಅದರ ಬಳಕೆ ನೆರೆಹೊರೆಯ ಕೊಡುಕೊಳೆಯಲ್ಲಿ ಬೆಳೆದದ್ದು. ಹಾಗೆಂದು ಅದು ಕನ್ನಡ ಪದಗಳನ್ನೆಲ್ಲ ಅಳಿಸಿಲ್ಲ. ಟಿಕೇಟಿಗೆ ‘ಲೈನಿನಲ್ಲಿ’ ನಿಂತವನೂ ಅಂಗೈಯ ರೇಖೆ, ಕವಿತೆಯ ಸಾಲು ಎಂದೇ ಹೇಳುತ್ತಾನೆ. ಇದು ಶಬ್ದದಾರಿದ್ರ್ಯವಲ್ಲ, ಅರ್ಥಕ್ಷೇತ್ರದ ಹಂಚಿಕೆ.

ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ, ಜಯಂತ ಕಾಯ್ಕಿಣಿಯವರಂಥ ಲೇಖಕರಿಂದ ಬೆಳೆದ ಮುಂಬಯಿಯ ಕನ್ನಡ ಕಥನವನ್ನು ಓದುವವರಿಗೂ ಅನುವಾದಿಸುವವರಿಗೂ ಈ ವಿವೇಚನೆ ಅಗತ್ಯ. ಪಾತ್ರದ ಬಾಯಲ್ಲಿಯ ‘ಲೈನ್’ ತೆಗೆದು ‘ಮಾರ್ಗ’ವೆಂದೋ ‘ವೃತ್ತಿ’ಯೆಂದೋ ತಿದ್ದಿದರೆ ಭಾಷೆ ಶುದ್ಧವಾದಂತೆ ತೋರಬಹುದು, ಆದರೆ ಆ ಪಾತ್ರ ಎಲ್ಲಿಂದ ಬಂದಿತು, ಯಾರೊಡನೆ ಬದುಕಿತು ಎಂಬುದು ಅಳಿಸಿಹೋಗುತ್ತದೆ. ಕನ್ನಡ ನಿಘಂಟಿನಲ್ಲಿ ‘ಲೈನ್’ ಶಬ್ದಕ್ಕೆ ಕನ್ನಡದ ಪ್ರಯೋಗಗಳನ್ನೇ ಆಧರಿಸಿದ ಸ್ವತಂತ್ರ ಉಲ್ಲೇಖ ಸಲ್ಲಬೇಕು.