ಕೋಹೆನ್-ಬೋಯರ್ ಪೇಟೆಂಟ್: ಕಲಿಯಬೇಕಾದ ಪಾಠ ಯಾವುದು?

ವಿಶ್ವವಿದ್ಯಾಲಯದ ಸಂಶೋಧನೆ ಉದ್ಯಮವನ್ನು ತಲುಪುವುದು ಹೇಗೆ ಎಂಬ ಚರ್ಚೆ ಎಲ್ಲಿ ನಡೆದರೂ ಒಂದು ಉದಾಹರಣೆ ತಪ್ಪದೆ ಬರುತ್ತದೆ. ಅದು ಪುನಸ್ಸಂಯೋಜಿತ ಡಿಎನ್‌ಎ ತಂತ್ರಕ್ಕೆ ಅಮೆರಿಕದಲ್ಲಿ ದೊರೆತ ಕೋಹೆನ್-ಬೋಯರ್ ಪೇಟೆಂಟ್. ಅದರಿಂದ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಗಳಿಗೆ ಬಂದ ಒಟ್ಟು ಹಣ ಸುಮಾರು 25.5 ಕೋಟಿ ಡಾಲರ್. ಪರವಾನಗಿ ಪಡೆದ ಕಂಪನಿಗಳು 468. ಇಷ್ಟು ದೊಡ್ಡ ಅಂಕಿಗಳನ್ನು ಕಂಡವರು ಸಹಜವಾಗಿಯೇ ಒಂದು ತೀರ್ಮಾನಕ್ಕೆ ಬರುತ್ತಾರೆ: ಪ್ರಾಧ್ಯಾಪಕರು ಪೇಟೆಂಟ್ ಪಡೆದರೆ ಉದ್ಯಮವೂ ಬೆಳೆಯುತ್ತದೆ, ವಿಶ್ವವಿದ್ಯಾಲಯದ ಬೊಕ್ಕಸವೂ ತುಂಬುತ್ತದೆ. ನಮ್ಮ ದೇಶದ ನೀತಿಯ ಮೇಲೂ ಇಂಥ ಆಲೋಚನೆಯ ಪ್ರಭಾವ ಇರುವುದರಿಂದ ಈ ತೀರ್ಮಾನವನ್ನು ಘಟನೆಗಳ ಎದುರಿಗಿಟ್ಟು ಪರೀಕ್ಷಿಸುವುದು ಅಗತ್ಯ. ಹಾಗೆ ಪರೀಕ್ಷಿಸಿದರೆ ಅದರ ಅರ್ಧ ಭಾಗ ಮಾತ್ರ ನಿಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ.

ಆವಿಷ್ಕಾರ

1972ರ ನವೆಂಬರ್‌ನಲ್ಲಿ ಹವಾಯಿಯ ಹೊನೊಲುಲುವಿನಲ್ಲಿ ಪ್ಲಾಸ್ಮಿಡ್‌ಗಳನ್ನು ಕುರಿತು ಒಂದು ಸಮ್ಮೇಳನ ನಡೆಯಿತು. ಸ್ಟ್ಯಾನ್‌ಫರ್ಡ್‌ನ ಸ್ಟ್ಯಾನ್ಲಿ ಕೋಹೆನ್ ಮತ್ತು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಹರ್ಬರ್ಟ್ ಬೋಯರ್ ಜೊತೆಯಾಗಿ ಕೆಲಸ ಮಾಡಲು ನಿರ್ಧರಿಸಿದ್ದು ಅಲ್ಲಿ. ಬ್ಯಾಕ್ಟೀರಿಯಾದ ಮುಖ್ಯ ವರ್ಣತಂತುವಿನಿಂದ ಬೇರೆಯಾಗಿ ಇರುವ ಚಿಕ್ಕ ವರ್ತುಲಾಕಾರದ ಡಿಎನ್‌ಎಯೇ ಪ್ಲಾಸ್ಮಿಡ್. ಅದನ್ನು ಇ. ಕೋಲೈ ಬ್ಯಾಕ್ಟೀರಿಯಾದೊಳಗೆ ಸೇರಿಸುವ ವಿಧಾನ ಕೋಹೆನ್ ಅವರಿಗೆ ಸಿದ್ಧಿಸಿತ್ತು. ಬೋಯರ್ ಅವರ ಬಳಿ ಇಕೊಆರ್‌ಐ ಎಂಬ ಕಿಣ್ವವಿತ್ತು. ಈ ಕಿಣ್ವ ಡಿಎನ್‌ಎ ಸರಪಣಿಯನ್ನು ನಿರ್ದಿಷ್ಟ ಜಾಗದಲ್ಲಿ ಓರೆಯಾಗಿ ಕತ್ತರಿಸಿ, ತುದಿಗಳಲ್ಲಿ ನಾಲ್ಕು ಪ್ರತ್ಯಾಮ್ಲಗಳ ಒಂಟಿ ಎಳೆಯನ್ನು ಉಳಿಸುತ್ತದೆ. ಹೀಗೆ ಕತ್ತರಿಸಿದ ಯಾವ ಎರಡು ತುಂಡುಗಳಾದರೂ, ಅವು ಯಾವ ಜೀವಿಯಿಂದ ಬಂದಿದ್ದರೂ, ಪರಸ್ಪರ ಅಂಟಿಕೊಳ್ಳಬಲ್ಲವು.

ಟೆಟ್ರಾಸೈಕ್ಲಿನ್ ಎಂಬ ಪ್ರತಿಜೀವಕವನ್ನು ತಡೆದುಕೊಳ್ಳುವ ವಂಶವಾಹಿಯುಳ್ಳ ಪ್ಲಾಸ್ಮಿಡ್‌ಗೆ ಕನಮೈಸಿನ್ ನಿರೋಧಕ ವಂಶವಾಹಿಯ ತುಂಡನ್ನು ಬೆಸೆದು ಬ್ಯಾಕ್ಟೀರಿಯಾಕ್ಕೆ ಸೇರಿಸಿದಾಗ, ಆ ಬ್ಯಾಕ್ಟೀರಿಯಾ ಎರಡೂ ಔಷಧಗಳನ್ನು ಎದುರಿಸಿ ಬೆಳೆಯಿತು. ಈ ಫಲಿತಾಂಶ 1973ರ ನವೆಂಬರ್‌ನಲ್ಲಿ ಪ್ರಕಟವಾಯಿತು. ಮರುವರ್ಷ ಆಫ್ರಿಕದ ಕಪ್ಪೆಯೊಂದರ ಡಿಎನ್‌ಎ ಕೂಡ ಬ್ಯಾಕ್ಟೀರಿಯಾದಲ್ಲಿ ಪ್ರತಿಗಳಾಗಿ ವೃದ್ಧಿಸಿತು.

ಪೇಟೆಂಟ್

ಪೇಟೆಂಟ್‌ನ ಆಲೋಚನೆ ಬಂದದ್ದು ವಿಜ್ಞಾನಿಗಳಿಂದಲ್ಲ. ಸ್ಟ್ಯಾನ್‌ಫರ್ಡ್‌ನ ಪರವಾನಗಿ ಕಚೇರಿಯನ್ನು ಸ್ಥಾಪಿಸಿದ್ದ ನೀಲ್ಸ್ ರೈಮರ್ಸ್ 1974ರ ಮೇ ತಿಂಗಳಲ್ಲಿ ಪತ್ರಿಕಾ ವರದಿಯ ಮೂಲಕ ಈ ಕೆಲಸದ ಬಗ್ಗೆ ತಿಳಿದು ಕೋಹೆನ್ ಅವರನ್ನು ಸಂಪರ್ಕಿಸಿದರು. ಮೂಲ ಸಂಶೋಧನೆಗೆ ಪೇಟೆಂಟ್ ಪಡೆಯಲು ಕೋಹೆನ್ ಮೊದಲು ಹಿಂಜರಿದರು. ಅಮೆರಿಕದ ಕಾನೂನಿನಲ್ಲಿ ಪ್ರಕಟಣೆಯ ನಂತರವೂ ಒಂದು ವರ್ಷ ಕಾಲಾವಕಾಶ ಇದ್ದುದರಿಂದ, ಅವಧಿ ಮುಗಿಯಲು ಕೆಲವೇ ದಿನ ಉಳಿದಿದ್ದಾಗ, 1974ರ ನವೆಂಬರ್ 4ರಂದು ಅರ್ಜಿ ಸಲ್ಲಿಕೆಯಾಯಿತು. ಇಂಥ ಕಾಲಾವಕಾಶವಿಲ್ಲದ ಇತರ ದೇಶಗಳಲ್ಲಿ ಹಕ್ಕು ಆಗಲೇ ಕೈತಪ್ಪಿತ್ತು. ಪೇಟೆಂಟ್ ಮಂಜೂರಾದದ್ದು 1980ರ ಡಿಸೆಂಬರ್ 2ರಂದು. ಅದೂ, ನಂತರ ದೊರೆತ ಅದೇ ಸಾಲಿನ ಇನ್ನೆರಡೂ 1997ರ ಡಿಸೆಂಬರ್‌ನಲ್ಲಿ ಮುಗಿದವು.

ಪ್ರಬಂಧಕ್ಕೆ ಸಹಿ ಮಾಡಿದವರು ನಾಲ್ವರು: ಕೋಹೆನ್, ಆನಿ ಚಾಂಗ್, ಬೋಯರ್ ಮತ್ತು ರಾಬರ್ಟ್ ಹೆಲಿಂಗ್. ಪೇಟೆಂಟ್‌ನಲ್ಲಿದ್ದ ಹೆಸರುಗಳು ಎರಡೇ. ಹೆಲಿಂಗ್ ಅವರೂ, ಕಪ್ಪೆಯ ಡಿಎನ್‌ಎ ಪ್ರಯೋಗದಲ್ಲಿದ್ದ ಜಾನ್ ಮಾರೊ ಅವರೂ ತಮಗೆ ಹಕ್ಕಿಲ್ಲವೆಂದು ಬರೆದುಕೊಡಲು ಒಪ್ಪಲಿಲ್ಲ. ಪಾಲ್ ಬರ್ಗ್ ಮೊದಲಾದವರ ಹಿಂದಿನ ಕೆಲಸವಿಲ್ಲದೆ ಈ ಪ್ರಯೋಗ ಸಾಧ್ಯವಿರಲಿಲ್ಲ ಎಂಬ ಆಕ್ಷೇಪವೂ ಬಂದಿತು. ವಿಜ್ಞಾನದಲ್ಲಿ ಹಲವರು ಕೂಡಿ ಕಟ್ಟಿದ್ದಕ್ಕೆ ಕಾನೂನು ಒಂದು ಗಡಿರೇಖೆ ಎಳೆಯಬೇಕಾದಾಗ ಇಂಥ ನೋವು ಉಳಿಯುತ್ತದೆ. ಲೆಕ್ಕ ಹಾಕುವವರು ಇದನ್ನು ಸಾಮಾನ್ಯವಾಗಿ ವೆಚ್ಚದ ಕಡೆ ಬರೆಯುವುದಿಲ್ಲ.

ಕಾಲಕ್ರಮ ಹೇಳುವುದೇನು?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಜೈವಿಕ ತಂತ್ರಜ್ಞಾನ ಉದ್ಯಮ ಹುಟ್ಟಿದ್ದು ಈ ಪೇಟೆಂಟ್‌ನಿಂದಲೇ? ಬೋಯರ್ ಮತ್ತು ರಾಬರ್ಟ್ ಸ್ವಾನ್ಸನ್ ಜೆನೆನ್‌ಟೆಕ್ ಕಂಪನಿಯನ್ನು ಸ್ಥಾಪಿಸಿದ್ದು 1976ರಲ್ಲಿ. ಮಾನವ ಇನ್ಸುಲಿನ್ ಬ್ಯಾಕ್ಟೀರಿಯಾದಲ್ಲಿ ತಯಾರಾದದ್ದು 1978ರಲ್ಲಿ. ಕಂಪನಿಯ ಷೇರು ಸಾರ್ವಜನಿಕ ಮಾರುಕಟ್ಟೆಗೆ ಬಂದದ್ದು 1980ರ ಅಕ್ಟೋಬರ್‌ನಲ್ಲಿ. ಇವೆಲ್ಲ ನಡೆದದ್ದು ಪೇಟೆಂಟ್ ಮಂಜೂರಾಗುವ ಮೊದಲು. ತಂತ್ರವನ್ನು ಹೊತ್ತು ತಂದವರು ಅದನ್ನು ಪ್ರಯೋಗಾಲಯದಲ್ಲಿ ಕಲಿತ ಜನ. ಅದನ್ನು ಹರಡಿದ್ದು ಪ್ರಕಟಿತ ಪ್ರಬಂಧಗಳು ಮತ್ತು ಕೇಳಿದವರಿಗೆ ಕಳುಹಿಸಿದ ಪ್ಲಾಸ್ಮಿಡ್‌ಗಳು.

ಈ ಪೇಟೆಂಟನ್ನು 1980ರ ಬೈ-ಡೋಲ್ ಕಾಯಿದೆಯ ಫಲವೆಂದು ವಿವರಿಸುವವರೂ ಇದ್ದಾರೆ. ಸರ್ಕಾರದ ಹಣದಿಂದ ನಡೆದ ಸಂಶೋಧನೆಯ ಪೇಟೆಂಟನ್ನು ವಿಶ್ವವಿದ್ಯಾಲಯಗಳೇ ಇಟ್ಟುಕೊಳ್ಳಬಹುದು ಎಂದು ಹೇಳುವ ಈ ಕಾಯಿದೆಗೆ ಅಂಕಿತ ಬಿದ್ದದ್ದು ಡಿಸೆಂಬರ್ 12ರಂದು, ಅಂದರೆ ಪೇಟೆಂಟ್ ದೊರೆತ ಹತ್ತು ದಿನಗಳ ನಂತರ. ಅದಕ್ಕೂ ಮೊದಲೇ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯೊಡನೆ ಸ್ಟ್ಯಾನ್‌ಫರ್ಡ್ ಮಾಡಿಕೊಂಡಿದ್ದ ಒಪ್ಪಂದವೇ ಇಲ್ಲಿ ಆಧಾರವಾಗಿತ್ತು. ಕಾರಣ ಪರಿಣಾಮಕ್ಕಿಂತ ಮೊದಲು ಬರಬೇಕು ಎಂಬುದು ಭೌತವಿಜ್ಞಾನದ ಮೊದಲ ಪಾಠ. ನೀತಿಯ ಚರ್ಚೆಗೂ ಅದು ಅನ್ವಯಿಸಬೇಕು.

ಪರವಾನಗಿಯ ವಿವೇಕ

ಹಾಗಾದರೆ ಸ್ಟ್ಯಾನ್‌ಫರ್ಡ್ ಮಾಡಿದ ಒಳ್ಳೆಯ ಕೆಲಸ ಯಾವುದು? ಅದು ಪರವಾನಗಿಯನ್ನು ಒಂದೇ ಕಂಪನಿಗೆ ಕೊಡದೆ, ಕೇಳಿದ ಎಲ್ಲರಿಗೂ ಒಂದೇ ನಿಯಮದಡಿ ಕೊಟ್ಟದ್ದು. 1981ರಲ್ಲಿ ನಿಗದಿಪಡಿಸಿದ ಶುಲ್ಕ ಸೇರುವಾಗ 10,000 ಡಾಲರ್, ಪ್ರತಿ ವರ್ಷ ಕನಿಷ್ಠ 10,000 ಡಾಲರ್. ಮೊದಲು ಸೇರಿದವರಿಗೆ ಅಂತಿಮ ಉತ್ಪನ್ನದ ಮಾರಾಟದ ಮೇಲೆ ರಾಯಧನ ಶೇಕಡಾ ಒಂದು ಅಥವಾ ಅದಕ್ಕಿಂತ ಕಡಿಮೆ. ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ಪರವಾನಗಿಯೇ ಬೇಕಿರಲಿಲ್ಲ. ವರ್ಷ ಮುಗಿಯುವ ವೇಳೆಗೆ 73 ಕಂಪನಿಗಳು ಸಹಿ ಹಾಕಿದ್ದವು. ಮೊಕದ್ದಮೆ ಹೂಡುವುದಕ್ಕಿಂತ ಶುಲ್ಕ ಕಟ್ಟುವುದೇ ಅಗ್ಗವೆಂದು ಅವು ಲೆಕ್ಕ ಹಾಕಿದವು.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಹೊಸದೆನಿಸದು. 1952ರಲ್ಲಿ ಬೆಲ್ ಪ್ರಯೋಗಾಲಯದ ಮಾತೃಸಂಸ್ಥೆ ಟ್ರಾನ್ಸಿಸ್ಟರ್ ತಂತ್ರಜ್ಞಾನವನ್ನು 25,000 ಡಾಲರ್ ಮುಂಗಡಕ್ಕೆ ಹಲವು ಕಂಪನಿಗಳಿಗೆ ಕೊಟ್ಟಿತು. ತಯಾರಿಕೆಯ ಗುಟ್ಟುಗಳನ್ನೂ ಕರೆದು ಕಲಿಸಿತು. ಆಗ ಕಲಿತ ಚಿಕ್ಕ ಕಂಪನಿಗಳಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಒಂದು. ಎರಡೂ ಕಡೆ ಪೇಟೆಂಟ್ ಇತ್ತು. ಉದ್ಯಮ ಬೆಳೆದದ್ದು ಆ ಪೇಟೆಂಟನ್ನು ಬೇಲಿಯಾಗಿ ಬಳಸದೆ ಇದ್ದುದರಿಂದ.

ಪೇಟೆಂಟೇ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದಕ್ಕೂ ಉದಾಹರಣೆ ಇದೆ. ಕೇಂಬ್ರಿಜ್‌ನಲ್ಲಿ ಸೀಸರ್ ಮಿಲ್‌ಸ್ಟೀನ್ ಮತ್ತು ಜಾರ್ಜಸ್ ಕೊಹ್ಲರ್ 1975ರಲ್ಲಿ ಏಕತದ್ರೂಪಿ ಪ್ರತಿಕಾಯಗಳನ್ನು ತಯಾರಿಸುವ ವಿಧಾನವನ್ನು ಪ್ರಕಟಿಸಿದರು. 1984ರ ನೊಬೆಲ್ ಪ್ರಶಸ್ತಿ ಪಡೆದ ಈ ವಿಧಾನಕ್ಕೆ ಬ್ರಿಟನ್ ಪೇಟೆಂಟ್ ಪಡೆಯಲಿಲ್ಲ. ಆದರೂ ಅದು ಜಗತ್ತಿನ ಎಲ್ಲ ಪ್ರಯೋಗಾಲಯಗಳಿಗೆ ಹರಡಿತು. ರೋಗಪತ್ತೆಯ ಕಿಟ್‌ಗಳಿಂದ ಕ್ಯಾನ್ಸರ್ ಔಷಧಗಳವರೆಗೆ ಅದರ ಮೇಲೆ ದೊಡ್ಡ ಉದ್ಯಮವೇ ನಿಂತಿತು. ಬ್ರಿಟನ್ ಕಳೆದುಕೊಂಡದ್ದು ರಾಯಧನವನ್ನು. ತಂತ್ರಜ್ಞಾನದ ವರ್ಗಾವಣೆ ಅದಕ್ಕಾಗಿ ನಿಲ್ಲಲಿಲ್ಲ. ವರ್ಗಾವಣೆ ಬೇರೆ, ವರಮಾನ ಬೇರೆ. ಕೋಹೆನ್-ಬೋಯರ್ ಪ್ರಕರಣದಲ್ಲಿ ಎರಡೂ ಒಟ್ಟಿಗೆ ಬಂದುದರಿಂದ ಒಂದನ್ನು ಇನ್ನೊಂದರ ಕಾರಣವೆಂದು ಭಾವಿಸುವುದು ಸುಲಭವಾಯಿತು.

ಉಪಕರಣ ಮತ್ತು ಉತ್ಪನ್ನ

ಇದರ ಅರ್ಥ ಪೇಟೆಂಟ್ ಎಂದರೆ ಕೆಡುಕು ಎಂದಲ್ಲ. ಒಂದು ನಿರ್ದಿಷ್ಟ ಅಣು ಔಷಧವಾಗಬೇಕಾದರೆ ವರ್ಷಗಟ್ಟಲೆ ಪ್ರಾಣಿಗಳ ಮೇಲೆ, ಮನುಷ್ಯರ ಮೇಲೆ ಪರೀಕ್ಷೆ ನಡೆಯಬೇಕು. ಅದಕ್ಕೆ ಹಣ ಹಾಕುವವರು ಕೆಲಕಾಲದ ಏಕಸ್ವಾಮ್ಯ ಕೇಳಿದರೆ ಅದರಲ್ಲಿ ನ್ಯಾಯವಿದೆ. ಆದರೆ ಡಿಎನ್‌ಎ ಬೆಸೆಯುವ ವಿಧಾನ ಅಂಥ ಉತ್ಪನ್ನವಲ್ಲ. ಅದು ಸಾವಿರ ಉತ್ಪನ್ನಗಳಿಗೆ ಬೇಕಾದ ಉಪಕರಣ. ಉಪಕರಣಕ್ಕೆ ಒಬ್ಬನೇ ಒಡೆಯನಾದರೆ ಉಳಿದವರ ಕೈ ಕಟ್ಟಿಹೋಗುತ್ತದೆ.

ಹೀಗಾದದ್ದೂ ಉಂಟು. ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್‌ಗೆ ಸಂಬಂಧಿಸಿದ ಬಿಆರ್‌ಸಿಎ ವಂಶವಾಹಿಗಳ ಪೇಟೆಂಟ್‌ಗಳನ್ನು ಯೂಟಾ ವಿಶ್ವವಿದ್ಯಾಲಯದ ಪರಿಸರದಲ್ಲೇ ಹುಟ್ಟಿದ ಮಿರಿಯಾಡ್ ಜೆನೆಟಿಕ್ಸ್ ಕಂಪನಿ ತನ್ನ ಹಿಡಿತದಲ್ಲಿ ಇಟ್ಟುಕೊಂಡಿತು. ಬೇರೆ ಪ್ರಯೋಗಾಲಯಗಳು ಈ ಪರೀಕ್ಷೆಯನ್ನು ವಾಣಿಜ್ಯವಾಗಿ ನಡೆಸುವಂತಿರಲಿಲ್ಲ. ಪರೀಕ್ಷೆಯ ಬೆಲೆ 3,000 ಡಾಲರ್ ದಾಟಿತು. ಫಲಿತಾಂಶವನ್ನು ಇನ್ನೊಂದು ಕಡೆ ಖಚಿತಪಡಿಸಿಕೊಳ್ಳುವ ಅವಕಾಶ ರೋಗಿಗೆ ಇರಲಿಲ್ಲ. ನಿಸರ್ಗದಲ್ಲಿರುವ ಡಿಎನ್‌ಎಗೆ ಪೇಟೆಂಟ್ ಸಲ್ಲದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪಿತ್ತ ಮೇಲೆ ಬೇರೆ ಪ್ರಯೋಗಾಲಯಗಳೂ ಈ ಪರೀಕ್ಷೆಯನ್ನು ಆರಂಭಿಸಿದವು.

ನಮ್ಮಲ್ಲಿ

ಬೈ-ಡೋಲ್ ಕಾಯಿದೆಯ ಮಾದರಿಯಲ್ಲಿ ಭಾರತದಲ್ಲೂ ಸಾರ್ವಜನಿಕ ಹಣದ ಬೌದ್ಧಿಕ ಸ್ವತ್ತಿನ ರಕ್ಷಣೆ ಮತ್ತು ಬಳಕೆಯ ಮಸೂದೆ 2008ರ ಡಿಸೆಂಬರ್‌ನಲ್ಲಿ ರಾಜ್ಯಸಭೆಯ ಮುಂದೆ ಬಂದಿತು. ಸಂಶೋಧನೆಯನ್ನು ಸ್ವತ್ತಾಗಿ ರಕ್ಷಿಸುವ ಹೊಣೆಯನ್ನು ಅದು ಸಂಸ್ಥೆಗಳ ಮೇಲೆ ಹೊರಿಸಿತ್ತು. ಆದಾಯದಲ್ಲಿ ಸಂಶೋಧಕರ ಪಾಲನ್ನೂ ಸೂಚಿಸಿತ್ತು. ವ್ಯಾಪಕ ಟೀಕೆಯ ನಂತರ 2014ರಲ್ಲಿ ಅದನ್ನು ಹಿಂಪಡೆಯಲಾಯಿತು. ಮಸೂದೆ ಹೋದರೂ ಅದರ ಹಿಂದಿನ ಆಲೋಚನೆ ಉಳಿದಿದೆ. ವಿಶ್ವವಿದ್ಯಾಲಯಗಳ ರಾಷ್ಟ್ರೀಯ ಶ್ರೇಯಾಂಕದಲ್ಲಿ ಪ್ರಕಟವಾದ, ಮಂಜೂರಾದ ಪೇಟೆಂಟ್‌ಗಳಿಗೆ ಅಂಕಗಳಿವೆ. ಪೇಟೆಂಟನ್ನು ಎಣಿಸುವುದು ಸುಲಭ. ಅದನ್ನು ಯಾರು ಬಳಸಿದರು ಎಂಬುದನ್ನು ಆ ಎಣಿಕೆ ಹೇಳುವುದಿಲ್ಲ. ಅಮೆರಿಕದಲ್ಲೇ ಬಹುಪಾಲು ವಿಶ್ವವಿದ್ಯಾಲಯಗಳ ಪರವಾನಗಿ ಕಚೇರಿಗಳು ತಮ್ಮ ಖರ್ಚಿನಷ್ಟೂ ಗಳಿಸುವುದಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಸ್ಟ್ಯಾನ್‌ಫರ್ಡ್‌ನ ಅಂಕಿ ನಿಯಮವಲ್ಲ, ಅಪವಾದ.

ನಮ್ಮ ಮುಂದೆ ಇನ್ನೊಂದು ಮಾದರಿಯೂ ಇದೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಕೆ. ಭಾನ್ ಮತ್ತು ಸಹೋದ್ಯೋಗಿಗಳು 1980ರ ದಶಕದಲ್ಲಿ ನವಜಾತ ಶಿಶುಗಳಿಂದ 116ಇ ಎಂಬ ರೋಟಾವೈರಸ್ ತಳಿಯನ್ನು ಬೇರ್ಪಡಿಸಿದರು. ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ, ವಿದೇಶಿ ಸಂಸ್ಥೆಗಳು ಮತ್ತು ಹೈದರಾಬಾದಿನ ಭಾರತ್ ಬಯೋಟೆಕ್ ಕೂಡಿ ಅದನ್ನು ಲಸಿಕೆಯಾಗಿ ಬೆಳೆಸಿದವು. ಕೊನೆಯ ಹಂತದ ಪರೀಕ್ಷೆಯಲ್ಲಿ 6,799 ಶಿಶುಗಳು ಭಾಗವಹಿಸಿದ್ದರು. ಡೋಸ್ ಒಂದಕ್ಕೆ ಸುಮಾರು ಒಂದು ಡಾಲರ್ ಬೆಲೆಗೆ ಲಸಿಕೆ ಒದಗಿಸುವುದಾಗಿ ಕಂಪನಿ ಮುಂಚೆಯೇ ಮಾತು ಕೊಟ್ಟಿತ್ತು. 2015ರಲ್ಲಿ ರೋಟಾವ್ಯಾಕ್ ಬಿಡುಗಡೆಯಾಯಿತು. ಮರುವರ್ಷ ರೋಟಾವೈರಸ್ ಲಸಿಕೆ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮವನ್ನು ಸೇರಿತು. ಇಲ್ಲಿ ಉತ್ಪನ್ನ ಒಂದು ಕಂಪನಿಯದೇ. ಆದರೆ ಸಾರ್ವಜನಿಕರ ಹಣಕ್ಕೆ ಪ್ರತಿಯಾಗಿ ಸಾರ್ವಜನಿಕರಿಗೆ ಏನು ಸಿಗಬೇಕು ಎಂಬುದು ಮೊದಲೇ ತೀರ್ಮಾನವಾಗಿತ್ತು.

ವಿದ್ಯಾರ್ಥಿಗಳು ಪೇಟೆಂಟ್‌ನ ನಿಯಮಗಳನ್ನು ಕಲಿಯಬೇಕು. ಕೆಲವು ಸೀಮಿತ ಸಂದರ್ಭಗಳನ್ನು ಬಿಟ್ಟರೆ ಭಾರತದಲ್ಲಿ ಮೊದಲು ಪ್ರಕಟಿಸಿ ಆಮೇಲೆ ಅರ್ಜಿ ಹಾಕಲು ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿರಬೇಕು. ಅದರ ಜೊತೆಗೆ ಅಧ್ಯಾಪಕರು ಅವರ ಮುಂದಿಡಬೇಕಾದ ಪ್ರಶ್ನೆಗಳು ಮೂರು. ಕಂಡುಹಿಡಿದದ್ದು ಉಪಕರಣವೇ, ಉತ್ಪನ್ನವೇ? ಪರವಾನಗಿ ಒಬ್ಬರಿಗೋ, ಕೇಳಿದವರಿಗೆಲ್ಲವೋ? ಹಣ ಕೊಟ್ಟ ಜನರಿಗೆ ಅದು ಯಾವ ಬೆಲೆಗೆ ಮರಳುತ್ತದೆ? ಕೋಹೆನ್-ಬೋಯರ್ ಪ್ರಕರಣದಿಂದ 25.5 ಕೋಟಿ ಎಂಬ ಅಂಕಿಯನ್ನು ಮಾತ್ರ ನೆನಪಿಟ್ಟುಕೊಂಡರೆ ಈ ಪ್ರಶ್ನೆಗಳು ಹುಟ್ಟುವುದಿಲ್ಲ. 468 ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳುವುದು ಹೆಚ್ಚು ಉಪಯುಕ್ತ.